ನೂರು ಅಂಕದ ಮೋಹ

ಉರಿಗಾಮಿನಂತಹ ಚಿನ್ನದ ಊರಿನವರಿಗೆ ಅಂಕದ ಮರ್ಮವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 24 ಕ್ಯಾರಟ್ಟಿನ ಅಪರಂಜಿ ಶುದ್ಧವೇನೋ ಹೌದು. ಆದರೆ ಬಳೆಗೆ ಬೇಕಾದ ಗಡಸುತನ ಅದಕ್ಕಿಲ್ಲ. ದಿನನಿತ್ಯ ತೊಡುವ ಆಭರಣಕ್ಕೆ 22 ಕ್ಯಾರಟ್ಟಿನ ಚಿನ್ನವೇ ತಕ್ಕದ್ದು. ಪೆಟ್ರೋಲಿನ ಆಕ್ಟೇನ್ ಅಂಕದ ವಿಚಾರವೂ ಇದರಂತೆಯೇ.

ಹೊಸಕೋಟೆಯಿಂದ ಬೇತಮಂಗಲದವರೆಗಿನ 71 ಕಿಲೋಮೀಟರ್ ವೇಗದ ಹೆದ್ದಾರಿ 2024ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆದ ಮೇಲೆ ಮಹಾಶಕ್ತಿಯ ಕಾರುಗಳು ಈ ಸೀಮೆಯನ್ನು ಸುಲಭವಾಗಿ ಮುಟ್ಟುತ್ತಿವೆ. ದುಬಾರಿ ಕಾರಿಗೆ ದುಬಾರಿ ಪೆಟ್ರೋಲೇ ಆಗಬೇಕೆಂಬ ನಂಬಿಕೆಯೂ ಅವುಗಳೊಡನೆ ಪಯಣಿಸುತ್ತದೆ. ಇಂಡಿಯನ್ ಆಯಿಲ್ ಸಂಸ್ಥೆ 2020ರ ಡಿಸೆಂಬರಿನಲ್ಲಿ 100 ಆಕ್ಟೇನಿನ ಪೆಟ್ರೋಲನ್ನು ಮಾರಾಟಕ್ಕೆ ತಂದಿತು. ನೂರಕ್ಕೆ ನೂರು ಎಂದರೆ ಯಾರಿಗೆ ಆಸೆಯಿಲ್ಲ?

ಆದರೆ ಈ ಅಂಕ ಅಳೆಯುವುದು ಶಕ್ತಿಯನ್ನಲ್ಲ, ತಾಳ್ಮೆಯನ್ನು. ಎಂಜಿನ್ನಿನ ಸಿಲಿಂಡರಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ನು ಅದುಮುತ್ತದೆ, ಕಿಡಿ ಹಾರುತ್ತದೆ, ಜ್ವಾಲೆ ಕ್ರಮವಾಗಿ ಹರಡಬೇಕು. ಒತ್ತಡ, ತಾಪಗಳನ್ನು ತಾಳಲಾರದೆ ಉಳಿದ ಮಿಶ್ರಣ ಜ್ವಾಲೆ ಬರುವ ಮುನ್ನವೇ ತಾನಾಗಿ ಹೊತ್ತಿಕೊಂಡರೆ ಎಂಜಿನ್ನು ಟಕಟಕನೆ ಬಡಿದುಕೊಳ್ಳುತ್ತದೆ. 3 ಕಿಲೋಮೀಟರಿಗೂ ಆಳಕ್ಕಿಳಿದಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆಗಳು ಒತ್ತಡ ತಾಳದೆ ಹಠಾತ್ತಾಗಿ ಸಿಡಿಯುತ್ತಿದ್ದುದನ್ನು ಕಂಡ ಗಣಿಕಾರ್ಮಿಕರ ಮನೆತನಗಳಿಗೆ ಈ ಹೋಲಿಕೆ ಥಟ್ಟನೆ ಅರ್ಥವಾದೀತು. ಬಡಿತ ಮುಂದುವರಿದರೆ ಪಿಸ್ಟನ್ನೇ ಹಾಳಾದೀತು.

ಐಸೋ ಆಕ್ಟೇನ್ ಎಂಬ ದ್ರವದ ತಾಳ್ಮೆಯನ್ನು 100 ಎಂದೂ, ಹೆಪ್ಟೇನಿನದನ್ನು ಸೊನ್ನೆ ಎಂದೂ ಎಣಿಸಿದರು. ಇವೆರಡರ ನಡುವೆ ಯಾವ ಮಿಶ್ರಣದಂತೆ ಪೆಟ್ರೋಲು ವರ್ತಿಸುವುದೋ ಅದೇ ಅದರ ಅಂಕ. ಕೆ.ಜಿ.ಎಫ್.ನ ಬೆಮೆಲ್ ಕಾರ್ಖಾನೆಯ ಬುಲ್‌ಡೋಜರುಗಳಿಗೆ ಈ ಚಿಂತೆಯಿಲ್ಲ. ಒತ್ತಡದಿಂದಲೇ ಹೊತ್ತಿಕೊಳ್ಳುವುದು ಡೀಸೆಲಿನ ಗುಣ. ಅಲ್ಲಿ ಗುಣವಾದದ್ದು ಇಲ್ಲಿ ದೋಷ.

ಹೆಚ್ಚು ಅದುಮುವ ಎಂಜಿನ್ನು, ಟರ್ಬೋ ಜೋಡಿಸಿದ ಎಂಜಿನ್ನು ಹೆಚ್ಚಿನ ಅಂಕವನ್ನು ಬೇಡುತ್ತವೆ. ಕಡಿಮೆ ಅಂಕದ ಪೆಟ್ರೋಲು ತುಂಬಿದರೆ ಈಗಿನ ಕಾರಿನ ಸಂವೇದಕವು ಬಡಿತವನ್ನರಿತು ಕಿಡಿಯನ್ನು ತುಸು ತಡಮಾಡಿಸುತ್ತದೆ. ಎಂಜಿನ್ನು ಬದುಕೀತು, ವೇಗವೂ ಮೈಲೇಜೂ ಕುಗ್ಗುತ್ತವೆ. ಹಳೆಯ ಕಾರುಗಳಿಗೆ ಆ ಕಾವಲೂ ಇಲ್ಲ. ಇದಕ್ಕೆ ವ್ಯತಿರಿಕ್ತವಾಗಿ, 91ಕ್ಕೆಂದೇ ನಿರ್ಮಿಸಿದ ಸಾಮಾನ್ಯ ಕಾರಿಗೆ 100ರ ಪೆಟ್ರೋಲು ಹಾಕಿದರೆ ಹಗುರಾಗುವುದು ಒಡೆಯನ ಜೇಬು ಮಾತ್ರ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಉರಿಗಾಮಿನ ತೆಳುಗಾಳಿಯಲ್ಲಿ ಟರ್ಬೋ ಇಲ್ಲದ ಎಂಜಿನ್ನಿಗೆ ಕೊಂಚ ವಿನಾಯಿತಿಯುಂಟು. ಚೆನ್ನೈಗೆ ಇಳಿದರೆ ಅದೂ ಮುಗಿಯಿತು.

ಕಾರಿನ ಕೈಪಿಡಿಯನ್ನೋದುವಾಗಲೂ ಎಚ್ಚರ ಬೇಕು. ಅಮೆರಿಕೆಯವರು ಎರಡು ಬಗೆಯ ಪರೀಕ್ಷೆಗಳ ಸರಾಸರಿಯನ್ನು ಬರೆಯುತ್ತಾರೆ. ಅಲ್ಲಿನ 91 ನಮ್ಮ ಲೆಕ್ಕದಲ್ಲಿ ಸುಮಾರು 95. ‘ಕನಿಷ್ಠ’ ಮತ್ತು ‘ಉಚಿತ’ ಎಂದು ಎರಡು ಅಂಕಗಳಿದ್ದರೆ, ಮೊದಲನೆಯದು ದಾಟಬಾರದ ಗೆರೆ. ಎರಡನೆಯದು ಪೂರ್ಣ ಶಕ್ತಿ ಬಯಸುವವರಿಗೆ. ಎಥನಾಲ್ ಬೆರೆತಾಗ ಅಂಕವೇರುತ್ತದೆ: ಶೇಕಡ 20 ಎಥನಾಲ್ ಇರುವ ಪೆಟ್ರೋಲಿನ ಅಂಕ 95 ಎಂದು ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ತಿಳಿಸಿತು. ಆದರೆ ಲೀಟರಿಗೆ ದೊರೆಯುವ ಶಾಖ ಕಡಿಮೆ. ಹಳೆಯ ಕಾರಿನ ರಬ್ಬರು ಕೊಳವೆಗಳು ಅದನ್ನು ಸಹಿಸುವುವೇ ಎಂಬುದನ್ನೂ ಕೈಪಿಡಿಯಲ್ಲಿ ನೋಡಬೇಕು.

ಅಂಕದ ಬೆನ್ನುಹತ್ತಿದ ಜಗತ್ತು ಒಮ್ಮೆ ಭಾರಿ ಬೆಲೆಯನ್ನೇ ತೆತ್ತಿದೆ. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಸೀಸದ ಸಂಯುಕ್ತವೊಂದನ್ನು ಬೆರೆಸಿ ಬಡಿತವನ್ನಡಗಿಸಿದ. ಕಾರುಗಳು ಸುಖವಾಗಿ ಓಡಿದುವು. ಹೊಗೆಯ ಸೀಸ ಬೀದಿಬದಿಯ ಮಕ್ಕಳ ರಕ್ತವನ್ನು ಸೇರಿ ಬುದ್ಧಿಯ ಬೆಳವಣಿಗೆಯನ್ನೇ ಕುಂದಿಸಿತು. ಭಾರತ ಅದನ್ನು 2000ದಲ್ಲಿ ಕೈಬಿಟ್ಟಿತು; ಜಗತ್ತಿನ ಕೊನೆಯ ದೇಶವಾಗಿ ಅಲ್ಜೀರಿಯ 2021ರಲ್ಲಿ ನಿಲ್ಲಿಸಿತು.

ಆದುದರಿಂದ ಬಂಕಿನಲ್ಲಿ ಕಾರು ನಿಲ್ಲಿಸಿದವರು ಫಲಕದ ದೊಡ್ಡ ಅಂಕಕ್ಕಿಂತ ಪೆಟ್ರೋಲ್ ಮುಚ್ಚಳದ ಒಳಬದಿಯ ಚಿಕ್ಕ ಅಂಕವನ್ನು ನೋಡುವುದು ಲೇಸು. ಅದರಂತೆ ತುಂಬಿಸಿದ ಮೇಲೂ ಬಡಿತ ಕೇಳಿಸಿದರೆ ಬೇಕಾದದ್ದು ಇನ್ನೂ ದುಬಾರಿ ಪೆಟ್ರೋಲಲ್ಲ, ಒಬ್ಬ ಒಳ್ಳೆಯ ಮೆಕ್ಯಾನಿಕ್.