ಕಿರುಚಂದ್ರ ಕಡತಕ್ಕಾಗಿ ಕಾಯುವುದಿಲ್ಲ

ದಕ್ಷಿಣ ಆಫ್ರಿಕದ ಸದರ್ಲೆಂಡ್‌ನಲ್ಲಿರುವ ‘ಅಟ್ಲಾಸ್’ ದೂರದರ್ಶಕವು 2024ರ ಆಗಸ್ಟ್ 7ರಂದು ಸುಮಾರು 10 ಮೀಟರ್ ಗಾತ್ರದ ಕ್ಷುದ್ರಗ್ರಹವೊಂದನ್ನು ಪತ್ತೆ ಮಾಡಿತು. ‘2024 ಪಿಟಿ5’ ಎಂದು ಗುರುತಿಸಲಾದ ಈ ಬಂಡೆ ಅದೇ ವರ್ಷ ಸೆಪ್ಟೆಂಬರ್ 29ರಿಂದ ನವೆಂಬರ್ 25ರವರೆಗೆ ಭೂಮಿಯ ಗುರುತ್ವದ ಹಿಡಿತಕ್ಕೆ ಸಿಲುಕಿ, ಬಳಿಕ ತನ್ನ ಹಾದಿ ಹಿಡಿಯಿತು. ಮಾಧ್ಯಮಗಳು ಅದನ್ನು ‘ಎರಡನೇ ಚಂದ್ರ’ ಎಂದು ಕರೆದವು. ಬರಿಗಣ್ಣಿಗೆ ಕಾಣದ ಆ ಚಂದ್ರ ಬಹುಬೇಗ ಸುದ್ದಿಯಿಂದಲೂ ಮರೆಯಾಯಿತು. ಆದರೆ ಇಂತಹ ಅಲ್ಪಾವಧಿಯ ಅವಕಾಶಗಳನ್ನು ಬಳಸಿಕೊಳ್ಳಲು ನಮ್ಮ ವ್ಯವಸ್ಥೆ ಸಜ್ಜಾಗಿದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಈ ವಿದ್ಯಮಾನದ ಹಿಂದಿನ ಕಾರಣ ಕ್ಲಿಷ್ಟವೇನಲ್ಲ. ಭೂಮಿಯ ಕಕ್ಷೆಯನ್ನೇ ಹೋಲುವ ಕಕ್ಷೆಯಲ್ಲಿ ಸೂರ್ಯನನ್ನು ಸುತ್ತುವ ಕೆಲವು ಬಂಡೆಗಳು ನಮ್ಮನ್ನು ಸಮೀಪಿಸುವಾಗ, ಭೂಮಿಗೆ ಹೋಲಿಸಿದರೆ ಅವುಗಳ ವೇಗ ತೀರಾ ಕಡಿಮೆಯಿರುತ್ತದೆ. ಆಗ ಭೂಮಿ ಅವುಗಳನ್ನು ಕೆಲಕಾಲ ಹಿಡಿದಿಡುತ್ತದೆ. ಸೂರ್ಯನ ಸೆಳೆತ ಮತ್ತೆ ಬಿಡಿಸಿಕೊಳ್ಳುತ್ತದೆ. ‘2006 ಆರ್‌ಎಚ್120’ ಸುಮಾರು ಒಂದು ವರ್ಷ ನಮ್ಮನ್ನು ಸುತ್ತಿತ್ತು. ‘2020 ಸಿಡಿ3’ ಫೆಬ್ರುವರಿ 15ರಂದು ಪತ್ತೆಯಾಗುವ ವೇಳೆಗೆ ಹೊರಡುವ ಹಂತದಲ್ಲಿತ್ತು. ಪಿಟಿ5 ಒಂದು ಸುತ್ತನ್ನೂ ಪೂರ್ಣಗೊಳಿಸಲಿಲ್ಲ.

ಇವುಗಳ ಅಧ್ಯಯನದಿಂದ ಪ್ರಯೋಜನವೇನು? ಪಿಟಿ5ರಿಂದ ಪ್ರತಿಫಲಿಸಿದ ಬೆಳಕನ್ನು ವಿಶ್ಲೇಷಿಸಿದ ವಿಜ್ಞಾನಿಗಳು ಅದು ಚಂದ್ರನ ಶಿಲೆಗಳನ್ನು ಹೋಲುತ್ತದೆಂದು 2025ರಲ್ಲಿ ವರದಿ ಮಾಡಿದರು. ಹಿಂದೆಂದೋ ಆದ ಅಪ್ಪಳಿಕೆಯಿಂದ ಸಿಡಿದ ಚಂದ್ರನ ಚೂರು ಅದಾಗಿರಬಹುದು. ಇನ್ನೊಂದು ಕಾರಣ ನಮ್ಮ ಸುರಕ್ಷತೆಗೆ ಸಂಬಂಧಿಸಿದ್ದು. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸ್ಫೋಟಿಸಿದ ಆಕಾಶಶಿಲೆಯ ಗಾತ್ರ ಸುಮಾರು 20 ಮೀಟರ್ ಮಾತ್ರ. ಗಾಯಗೊಂಡವರು ಸಾವಿರಕ್ಕೂ ಹೆಚ್ಚು. ಸಣ್ಣ ಬಂಡೆಗಳ ರಚನೆ, ಗಡಸುತನಗಳನ್ನು ಅರಿಯಲು ನಿಧಾನವಾಗಿ ಹಾದುಹೋಗುವ ಈ ಅತಿಥಿಗಳು ಒಳ್ಳೆಯ ಅವಕಾಶ.

ಕೋಲಾರ ಜಿಲ್ಲೆಯ ಸುಗಟೂರಿನಂತಹ ಊರಿನಲ್ಲಿ ಈ ಮಾತನ್ನಾಡಿದರೆ, ಸಾವಿರ ಅಡಿ ಕೊರೆದರೂ ನೀರು ಕಾಣದ ನಾಡಿಗೆ ಆಕಾಶದ ಕಲ್ಲಿನ ಗೊಡವೆ ಏಕೆ ಎಂದು ರೈತರು ಕೇಳಿಯಾರು. ಪ್ರಶ್ನೆ ನ್ಯಾಯವಾದದ್ದೇ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು ನಮ್ಮ ಕೆರೆಗಳಿಗೆ ಹರಿಯುತ್ತಿದೆಯಾದರೂ ನೀರಿನ ಚಿಂತೆ ತೀರಿಲ್ಲ. ಆದರೆ ವೀಕ್ಷಣೆಗೆ ಬೇಕಾದ ಮೊತ್ತವನ್ನು ಉಳಿಸಿದರೆ ಕೆರೆ ತುಂಬುವುದಿಲ್ಲ. ಮೇಲಾಗಿ ಇದು ಅರ್ಥಶಾಸ್ತ್ರ ಹೇಳುವ ‘ಸಾರ್ವಜನಿಕ ಸರಕು’. ಲಾಭಕ್ಕಾಗಿ ಇದನ್ನು ಒದಗಿಸುವ ವ್ಯಾಪಾರಿ ಇಲ್ಲ. ಪ್ರಯೋಜನದಿಂದ ಯಾರನ್ನೂ ಹೊರಗಿಡಲೂ ಬರುವುದಿಲ್ಲ.

ಇದಕ್ಕೆ ಬೇಕಾದ ಬಂಡವಾಳವನ್ನು ದೇಶ ಬಹುಪಾಲು ಈಗಾಗಲೇ ಹೂಡಿದೆ. ಸುಗಟೂರಿನ ಪಾಳೆಯಗಾರ ತಮ್ಮೇಗೌಡ ಕಟ್ಟಿಸಿದ ಹೊಸಕೋಟೆಯಲ್ಲಿ ಇಂದು ಭಾರತೀಯ ಖಭೌತ ಸಂಸ್ಥೆಯ ಕೇಂದ್ರವಿದೆ. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಅಲ್ಲಿಂದಲೇ ನಿಯಂತ್ರಿಸಲಾಗುತ್ತದೆ. ಅದೇ ಸಂಸ್ಥೆಯ ಕಾವಲೂರು ವೀಕ್ಷಣಾಲಯದಿಂದ 1988ರಲ್ಲಿ ಆರ್. ರಾಜಮೋಹನ್ ಅವರು ‘ರಾಮಾನುಜನ್’ ಕ್ಷುದ್ರಗ್ರಹವನ್ನು ಕಂಡುಹಿಡಿದಿದ್ದರು. ಬೆಂಗಳೂರಿನ ಪೀಣ್ಯದಲ್ಲಿ ಇಸ್ರೊದ ‘ನೇತ್ರ’ ನಿಯಂತ್ರಣ ಕೇಂದ್ರವಿದೆ. ಅಮೆರಿಕದಲ್ಲಿ ಹಗಲಾದಾಗ ನಮ್ಮಲ್ಲಿ ಇರುಳು. ಅವರು ಕಣ್ಣು ಮುಚ್ಚಿದ ಹೊತ್ತಿನಲ್ಲಿ ಗಮನಿಸಬಲ್ಲ ಸ್ಥಾನ ನಮ್ಮದು.

ಕೊರತೆಯಿರುವುದು ಸಮಯದ ಲೆಕ್ಕಾಚಾರದಲ್ಲಿ. ಪಿಟಿ5 ಪತ್ತೆಯಾದ ದಿನಕ್ಕೂ ಸೆರೆಗೆ ಸಿಲುಕಿದ ದಿನಕ್ಕೂ ನಡುವೆ ಇದ್ದದ್ದು 53 ದಿನ. ಸರ್ಕಾರಿ ಸೇವೆಯಲ್ಲಿದ್ದ ನಾನು ಬಲ್ಲಂತೆ, ಹೊಸ ವೆಚ್ಚದ ಕಡತವೊಂದು ಆಡಳಿತ ವಿಭಾಗದಿಂದ ಹಣಕಾಸು ವಿಭಾಗಕ್ಕೆ ಹೋಗಿ, ಆಕ್ಷೇಪಣೆಯೊಂದಿಗೆ ಹಿಂದಿರುಗಲು ಅಷ್ಟು ದಿನ ಸಾಕಾಗದು. ಆದರೆ ದಾರಿಯೂ ನಮ್ಮ ಆಡಳಿತದಲ್ಲೇ ಇದೆ. ಬರ, ನೆರೆಗಳ ಪರಿಹಾರಕ್ಕೆಂದು ಜಿಲ್ಲಾಧಿಕಾರಿಗಳ ಪಿ.ಡಿ. ಖಾತೆಯಲ್ಲಿ ಮುಂಗಡವಾಗಿಯೇ ಹಣವಿರಿಸುವ ಪದ್ಧತಿ ನಮ್ಮಲ್ಲಿದೆ. ವಿಪತ್ತು ಬಂದ ಮೇಲೆ ಮಂಜೂರಾತಿ ಹುಡುಕುತ್ತ ಕೂರಬಾರದೆಂಬುದೇ ಅದರ ತತ್ವ. ಅದೇ ತತ್ವದಂತೆ ಒಂದು ಸಣ್ಣ ಕಾಯಂ ನಿಧಿ, ತುರ್ತು ವೀಕ್ಷಣೆಗೆ ಮೀಸಲಾದ ದೂರದರ್ಶಕದ ಗಂಟೆಗಳು, ಕರೆ ಬಂದೊಡನೆ ಕಕ್ಷೆಯನ್ನು ಗಣಿಸಬಲ್ಲ ತರುಣರ ತಂಡ ಇಷ್ಟಿದ್ದರೆ ಸಾಕು. ನಿಧಿ ಬಳಕೆಯಾಗದ ವರ್ಷ ಅದನ್ನು ವ್ಯರ್ಥವೆಂದು ಲೆಕ್ಕ ತಪಾಸಕರು ಬರೆಯದಂತೆ ನಿಯಮದಲ್ಲೇ ಸ್ಪಷ್ಟಪಡಿಸಬೇಕು.

ಅವಸರಕ್ಕೆ ಕಾರಣವಿದೆ. 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ನೀಡಿದ ಚಿಲಿಯ ವೆರಾ ರೂಬಿನ್ ವೀಕ್ಷಣಾಲಯದಿಂದ ಇಂತಹ ಅತಿಥಿಗಳ ಪತ್ತೆ ಹೆಚ್ಚುವ ನಿರೀಕ್ಷೆಯಿದೆ. ಚೀನಾ 2025ರ ಮೇ ತಿಂಗಳಲ್ಲೇ ಭೂಮಿಯ ಸಹಚರ ಕ್ಷುದ್ರಗ್ರಹ ‘ಕಮೋಒಅಲೆವಾ’ದತ್ತ ‘ತಿಯಾನ್ವೆನ್-2’ ನೌಕೆಯನ್ನು ಕಳುಹಿಸಿದೆ. ಪಿಟಿ5 ಮತ್ತೆ ನಮ್ಮ ಸಮೀಪಕ್ಕೆ ಬರುವುದು 2055ರಲ್ಲಿ. ಈಗ ಸುಗಟೂರಿನ ಶಾಲೆಯಲ್ಲಿರುವ ಮಕ್ಕಳು ಆ ಹೊತ್ತಿಗೆ ನಡುವಯಸ್ಸಿನಲ್ಲಿರುತ್ತಾರೆ. ಅವರಲ್ಲಿ ಒಬ್ಬರಾದರೂ ಹೊಸಕೋಟೆಯಲ್ಲಿ ಕುಳಿತು ಅದನ್ನು ಎದುರುಗೊಳ್ಳಬೇಕಾದರೆ, ಮುಂಗಡಪತ್ರದ ಪುಟ್ಟದೊಂದು ಸಾಲನ್ನು ನಾವು ಈಗಲೇ ಬರೆಯಬೇಕು.