ನೋಯದ ಹಲ್ಲು

ಹಲ್ಲು ನೋಯದಿದ್ದರೆ ಅದು ಸ್ವಸ್ಥವಾಗಿದೆಯೆಂದು ನಂಬುವುದು ನಮ್ಮವರ ವಾಡಿಕೆ. ಜಯನಗರವಾಸಿಗಳಾದ ನಮಗೂ ಈ ನಂಬಿಕೆ ಬಹುಕಾಲವಿದ್ದಿತು. ಚಿಕ್ಕಂದಿನಲ್ಲಿ ಚೆಂಡಿನ ಪೆಟ್ಟು ತಗುಲಿ ನಮ್ಮ ಮುಂದಿನ ಮೇಲ್ದವಡೆಯ ಹಲ್ಲೊಂದು ಕಂದಿಹೋಗಿದ್ದಿತು. ನೋವಿಲ್ಲದ ಕಾರಣ ಅದನ್ನು ಮರೆತೇಬಿಟ್ಟೆವು. ಕಳೆದ ವರ್ಷ ಅದರ ಮೇಲಿನ ಒಸಡಿನಲ್ಲಿ ಅವರೆಕಾಳಿನಷ್ಟು ಗಟ್ಟಿಯಾದ ಉಬ್ಬು ಕಾಣಿಸಿತು. ಆಗಲೂ ಕೆಲವು ತಿಂಗಳು ಸುಮ್ಮನಿದ್ದೆವು. “ಅಪ್ಪ, ನೋವು ಬರಲೆಂದು ಕಾಯುತ್ತಿದ್ದೀರಾ?” ಎಂದು ಮಗಳು ಗದರಿದ ಮೇಲೆಯೇ ದಂತವೈದ್ಯರಲ್ಲಿಗೆ ಹೋದದ್ದು. ಎಕ್ಸ್‌ರೇ ಚಿತ್ರದಲ್ಲಿ ಬೇರಿನ ತುದಿಗೆ ದುಂಡನೆಯ ಕಪ್ಪು ಛಾಯೆಯಿದ್ದಿತು. ಅಷ್ಟು ಎಲುಬು ಕರಗಿ, ಆ ಎಡೆಯಲ್ಲಿ ದ್ರವ ತುಂಬಿದ ಚೀಲವೊಂದು ಬೆಳೆದಿದ್ದಿತು. ವೈದ್ಯರು ಇದನ್ನು ಸಿಸ್ಟ್ ಎನ್ನುತ್ತಾರೆ.

ಕಲ್ಲಿನಂತಹ ಎಲುಬಿನಲ್ಲಿ ನೀರಿನ ಚೀಲ ಬೆಳೆಯುವುದೆಂತು? ಉತ್ತರವನ್ನು ವಾಚಕರು ಅಡಿಗೆಮನೆಯಲ್ಲಿಯೇ ಕಾಣಬಹುದು. ರಾತ್ರಿ ನೀರಿನಲ್ಲಿಟ್ಟ ಒಣದ್ರಾಕ್ಷಿ ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದೆ. ಅದರ ಸಿಪ್ಪೆ ನೀರನ್ನು ಒಳಕ್ಕೆ ಬಿಡುತ್ತದೆ, ಸಕ್ಕರೆಯನ್ನು ಸುಲಭವಾಗಿ ಹೊರಕ್ಕೆ ಬಿಡದು. ದವಡೆಯಲ್ಲಿಯೂ ಹಾಗೆಯೇ. ಸತ್ತ ಹಲ್ಲಿನ ಬೇರಿನ ಬಳಿ ಉರಿಯೂತವುಂಟಾದಾಗ, ಹಲ್ಲು ರೂಪುಗೊಂಡ ಕಾಲದಿಂದ ಅಲ್ಲಿ ಉಳಿದಿದ್ದ ಜೀವಕೋಶಗಳು ಎಚ್ಚೆತ್ತು ವೃದ್ಧಿಹೊಂದಿ ಚೀಲದ ಒಳಪದರವಾಗುತ್ತವೆ. ಒಳಗೆ ಉದುರಿದ ಕೋಶಗಳ ಅವಶೇಷದಿಂದ ದ್ರವವು ಸಾಂದ್ರವಾಗಿ, ಸುತ್ತಣಿಂದ ನೀರನ್ನು ಸೆಳೆಯುತ್ತದೆ. ಹೊರಹೋಗಲು ದಾರಿಯಿಲ್ಲದೆ ಒತ್ತಡವೇರುತ್ತದೆ. ದ್ರವದ ಒತ್ತಡ ಎಲ್ಲ ದಿಕ್ಕಿಗೂ ಸಮವಾದುದರಿಂದ ಚೀಲವು ದುಂಡಗೆ ಹಿಗ್ಗುತ್ತದೆ. ಒತ್ತಡದೊಡನೆ, ಚೀಲದ ಗೋಡೆಯಿಂದ ಹೊರಡುವ ರಾಸಾಯನಿಕಗಳೂ ಎಲುಬನ್ನು ಸವೆಸುವ ಕೋಶಗಳನ್ನು ಪ್ರೇರಿಸುತ್ತವೆ. ಟಾಲರ್ ಎಂಬ ಆಂಗ್ಲ ವಿದ್ವಾಂಸರು ಈ ಬೆಳವಣಿಗೆಯ ಕುರಿತ ತಮ್ಮ ಪ್ರಯೋಗಗಳನ್ನು 1948ರಲ್ಲಿ ಪ್ರಕಟಿಸಿದರು. ಎಲ್ಲ ಚೀಲಗಳೂ ಹೀಗೆಯೇ ಬೆಳೆಯುವುವೆಂದಲ್ಲ. ಕೆಲವು ತಮ್ಮ ಪದರದ ಬಲದಿಂದಲೇ, ಹೊರಗೆ ಉಬ್ಬು ತೋರದೆ, ಎಲುಬಿನ ಉದ್ದಕ್ಕೂ ಹರಿಯುತ್ತವೆ.

ಒತ್ತಡವೇ ಕಾರಣವಾದರೆ ಅದನ್ನು ಇಳಿಸುವುದೇ ಉಪಾಯವಲ್ಲವೆ? ಜರ್ಮನಿಯ ಪಾರ್ಚ್ ಎಂಬ ಶಸ್ತ್ರವೈದ್ಯರು 1892ರಲ್ಲಿಯೇ ಈ ಮಾರ್ಗವನ್ನು ತೋರಿದರು. ದೊಡ್ಡ ಚೀಲಕ್ಕೆ ಬಾಯೊಳಕ್ಕೆ ಕಿಂಡಿ ತೆರೆದರೆ ದ್ರವ ಹೊರಬಂದು ಒತ್ತಡವಿಳಿಯುತ್ತದೆ. ಚೀಲ ಮೆಲ್ಲಮೆಲ್ಲನೆ ಕುಗ್ಗಿ, ತಿಂಗಳುಗಳಲ್ಲಿ ಹೊಸ ಎಲುಬು ಮೂಡುತ್ತದೆ. ಚಿಕ್ಕದಾದುದನ್ನು ಇಡಿಯಾಗಿ ತೆಗೆಯುವುದುಂಟು. ನಮಗೆ ಮೊದಲು ಹಲ್ಲಿನ ಬೇರನ್ನು ಶುದ್ಧಿಮಾಡಿ ತುಂಬಿ, ಆಮೇಲೆ ಚೀಲವನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಹಲ್ಲು ಉಳಿಯಿತು. ಇನ್ನೂ ಕೆಲವು ವರ್ಷ ಉಪೇಕ್ಷಿಸಿದ್ದರೆ ಪಕ್ಕದ ಹಲ್ಲುಗಳೂ ಸ್ಥಾನ ಬದಲಿಸುತ್ತಿದ್ದುವೆಂದು ವೈದ್ಯರೆಂದರು.

ಆದಕಾರಣ ಗೃಹಸ್ಥರಲ್ಲಿ ನಮ್ಮ ಅರಿಕೆಯಿಷ್ಟೆ. ಮನೆಯಲ್ಲಿ ಯಾರಿಗಾದರೂ ಪೆಟ್ಟುಬಿದ್ದ ಹಲ್ಲು ಬಣ್ಣಗೆಟ್ಟಿದ್ದರೆ, ಒಸಡು ನೋವಿಲ್ಲದೆ ಉಬ್ಬಿದ್ದರೆ, ಒಮ್ಮೆ ಎಕ್ಸ್‌ರೇ ತೆಗೆಯಿಸಿರಿ. ಜೆ.ಪಿ. ನಗರದಲ್ಲಿ ಆರ್.ವಿ. ದಂತವೈದ್ಯ ಕಾಲೇಜಿದೆ, ಕೋಟೆಯ ಬಳಿ 1958ರಲ್ಲಿ ಆರಂಭವಾದ ಸರ್ಕಾರೀ ದಂತವೈದ್ಯ ಕಾಲೇಜಿದೆ. ನೋವು ನಮ್ಮನ್ನು ಎಚ್ಚರಿಸುವ ಕಾವಲುಗಾರನೇನೋ ನಿಜ. ಆದರೆ ಕೆಲವೊಮ್ಮೆ ಕಾವಲುಗಾರನೂ ನಿದ್ರಿಸುವನು.