ಜೊತೆಗೂಡಿ ನುಡಿಸುವ ವಿದ್ಯೆ

ಸಮರ್ಥರಾದ ಇಬ್ಬರು ಕೂಡಿ ನುಡಿಸುವಾಗ ಒಬ್ಬರ ವಿದ್ಯೆ ಇನ್ನೊಬ್ಬರದನ್ನು ಮರೆಮಾಡದಂತೆ ನಡೆಯುವುದು ಸುಲಭವಲ್ಲ. ಅಮೆರಿಕದ ಬಾಬ್ ಜೇಮ್ಸ್ ಮತ್ತು ಡೇವಿಡ್ ಸ್ಯಾನ್‌ಬಾರ್ನ್ ಇವರು 1986ರಲ್ಲಿ ಹೊರತಂದ ‘ಡಬಲ್ ವಿಷನ್’ ಎಂಬ ಧ್ವನಿಮುದ್ರಿಕೆಯಲ್ಲಿ ಅದು ಸಾಧಿಸಿದೆ. ಜಾಝ್ ಸಂಗೀತದಲ್ಲಿ ಮಾಧುರ್ಯಕ್ಕೆ ಮೊದಲ ಮನ್ನಣೆ ಕೊಡುವ ನಯವಾದ ಬಗೆಯೊಂದುಂಟು. ಅದನ್ನು ಸ್ಮೂತ್ ಜಾಝ್ ಎನ್ನುವರು. ಈ ಮುದ್ರಿಕೆ ಆ ಬಗೆಯದು.

ಜೇಮ್ಸರದು ಕೀಬೋರ್ಡು, ಸ್ಯಾನ್‌ಬಾರ್ನರದು ಸ್ಯಾಕ್ಸೊಫೋನು. ಸ್ಯಾನ್‌ಬಾರ್ನರಿಗೆ ಮೂರು ವರ್ಷದ ಎಳವೆಯಲ್ಲಿಯೇ ಪೋಲಿಯೋ ತಗುಲಿತು. ಎದೆಯ ಬಲ ಕುಂದಿದ ಆ ಬಾಲಕನಿಗೆ ಊದುವ ವಾದ್ಯವನ್ನು ಹಿಡಿಯುವಂತೆ ವೈದ್ಯರು ಹೇಳಿದರು. ಚಿಕಿತ್ಸೆಯಾಗಿ ಬಂದುದೇ ಬಾಳಿನ ವೃತ್ತಿಯಾಯಿತು. ಅವರ ಸ್ವರವು ತೀಕ್ಷ್ಣವೂ ಆರ್ತವೂ ಆದುದು. ಜೇಮ್ಸರು ಅದರೊಡನೆ ಸ್ಪರ್ಧಿಸದೆ, ಮಿತವಾಗಿ ನುಡಿಸಿ, ನಡುನಡುವೆ ತೆರಪು ಬಿಡುವರು. ಮೊದಲನೆಯದಾದ ‘ಮಪುಟೊ’ ಎಂಬ ರಚನೆಯಲ್ಲಿ ಈ ಸಂಯಮವನ್ನು ಚೆನ್ನಾಗಿ ಕೇಳಬಹುದು. ಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿಯೂ ದೊರೆಯಿತು.

27 ವರ್ಷಗಳ ತರುವಾಯ, 2013ರಲ್ಲಿ, ಅವರಿಬ್ಬರೂ ಮತ್ತೆ ಕಲೆತು ‘ಕ್ವಾರ್ಟೆಟ್ ಹ್ಯೂಮೇನ್’ ಎಂಬುದನ್ನು ಹೊರತಂದರು. ಸ್ಯಾನ್‌ಬಾರ್ನರು 2024ರಲ್ಲಿ ತೀರಿಕೊಂಡರು.

ಮನೆಯಲ್ಲಿ ವಾದ್ಯ ಕಲಿಯುವ ಮಕ್ಕಳಿಗೆ ತಾವು ನುಡಿಸುವುದನ್ನು ಮಾತ್ರವಲ್ಲ, ಜೊತೆಯವರಿಗೆ ಎಡೆಗೊಡುವುದನ್ನೂ ಕಲಿಸುವುದು ಲೇಸೆಂದು ನಾವು ತಿಳಿಯುತ್ತೇವೆ.